ಇಬ್ಬರೇ ಇದ್ದ ಭಾಷೆ

ಮಸ್ಕತ್ತಿನ ವಾದಿ ಅದಾಯ್‌ನ ಒಂದು ಸ್ಪೇರ್‌ಪಾರ್ಟ್ಸ್ ಅಂಗಡಿಯಲ್ಲಿ ಭೋಜರಾಜರು ಕೌಂಟರಿನ ಹಿಂದೆ ನಿಲ್ಲತೊಡಗಿ ಇಪ್ಪತ್ತೊಂಬತ್ತು ವರ್ಷವಾಯಿತು. ಬೆಳಿಗ್ಗೆ ಎಂಟಕ್ಕೆ ಶಟರ್ ಎತ್ತಿದರೆ ಅವರ ಬಾಯಿಗೆ ಮತ್ತೆ ಬಿಡುವಿಲ್ಲ. ಒಮಾನಿ ಗಿರಾಕಿಗೆ ಅರಬ್ಬಿ, ಗ್ಯಾರೇಜಿನ ಪಾಕಿಸ್ತಾನಿ ಮೆಕ್ಯಾನಿಕ್‌ಗಳಿಗೆ ಉರ್ದು, ಪಕ್ಕದ ಟೈರ್ ಅಂಗಡಿಯವನಿಗೆ ಮಲಯಾಳ, ಫೋನಿನ ಆಚೆ ಇರುವ ಸಪ್ಲೈಯರಿಗೆ ಇಂಗ್ಲಿಷ್. ಒಂದೇ ಕ್ಲಚ್ ಪ್ಲೇಟನ್ನು ನಾಲ್ಕು ಭಾಷೆಗಳಲ್ಲಿ ಹೊಗಳಿ, ಯಾರಾದರೂ ಬೈದರೆ ಅವರದೇ ಭಾಷೆಯಲ್ಲಿ ಸಮಾಧಾನ ಹೇಳಿ ಕಳಿಸಬಲ್ಲರು. ಅಲ್ಲಿ ಅವರು ರಾಜಾ ಭಾಯಿ. ರಾಜಾ ಭಾಯಿಗೆ ಬಾರದ ಭಾಷೆಯೇ ಇಲ್ಲ ಎಂಬ ಕೀರ್ತಿ ಆ ಬೀದಿಯಲ್ಲಿ ಇದೆ. ಕೀರ್ತಿಯೇನೋ ಇದೆ, ಸಂಜೆ ಮನೆಗೆ ಹೋದರೆ ಅದನ್ನು ಇಟ್ಟುಕೊಂಡು ಮಾಡುವುದೇನು? ಮಾತಾಡಬೇಕು ಅನಿಸುವ ಭಾಷೆ ಈ ನಾಲ್ಕರಲ್ಲಿ ಒಂದೂ ಅಲ್ಲ, ಮಾತಾಡಲು ಮನೆಯಲ್ಲಿ ಯಾರೂ ಇಲ್ಲ.

ಅವರ ಭಾಷೆ ತುಳು. ಅವರು ಬೆಳ್ಮಣ್ಣಿನ ಕಡೆಯವರು, ಹೆಂಡತಿ ಲೋಲಾಕ್ಷಿ ಕಾಪುವಿನವಳು. ಮದುವೆಯಾಗಿ ಆಕೆ ಮಸ್ಕತ್ತಿನಲ್ಲಿ ಬಂದಿಳಿದ ದಿನದಿಂದ ಆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ತುಳು ಆಡುವವರು ಇಬ್ಬರೇ. ಇಬ್ಬರಿಗೆ ಅದು ಧಾರಾಳವಾಗಿ ಸಾಕಾಗಿತ್ತು. ಹೋದ ವರ್ಷ ಜೂನಿನಲ್ಲಿ ಲೋಲಾಕ್ಷಿ ತೀರಿಕೊಂಡಳು. ಆಮೇಲೆ ಎಷ್ಟೋ ದಿನ ಭೋಜರಾಜರು ಚಪ್ಪಲಿ ಬಿಡುತ್ತ ಬಿಡುತ್ತಲೇ ಅಡುಗೆಮನೆಯ ಕಡೆ ತಿರುಗಿ "ಚಾ ಆಂಡಾ?" ಎಂದು ಕೇಳಿ, ಚಹಾ ಆಯಿತೇ ಎಂದು ಕೇಳಲು ಅಲ್ಲಿ ಯಾರಿದ್ದಾರೆ ಎಂದು ತಾವೇ ಸುಮ್ಮನಾಗುತ್ತಿದ್ದರು. ಊರಿನಲ್ಲಿರುವ ಅಕ್ಕ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ, ತುಳುವಿನಲ್ಲೇ ಮಾತಾಡುತ್ತಾಳೆ. ಆದರೆ ಅದು ಮಂಡಿನೋವಿನ ತುಳು, ಯಾರದೋ ಮನೆಯ ಮದುವೆಯ ತುಳು. ಮನೆಯೊಳಗೆ ಆಡುವ ತುಳು ಬೇರೆ ಇರುತ್ತದೆ. ಅದು ಈಗ ಇಲ್ಲ.

ಮಗಳಿದ್ದಾಳಲ್ಲ ಎಂದು ನೀವು ಕೇಳಬಹುದು. ಇದ್ದಾಳೆ. ಭವ್ಯಶ್ರೀಗೆ ಇಪ್ಪತ್ತಮೂರು. ಎರಡು ಗಂಟೆ ದೂರದ ಸಹಮ್‌ನ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನೀಷಿಯನ್. ಅಲ್ಲೇ ಕೋಣೆ ಮಾಡಿಕೊಂಡಿದ್ದು ಗುರುವಾರ ಸಂಜೆ ತನ್ನ ಪುಟ್ಟ ಕಾರಿನಲ್ಲಿ ಬರುತ್ತಾಳೆ, ಶನಿವಾರ ಮಧ್ಯಾಹ್ನದ ಊಟ ಮುಗಿಸಿ ಹೊರಡುತ್ತಾಳೆ. ಅವಳೊಡನೆ ಭೋಜರಾಜರು ಆಡುವುದು ಕನ್ನಡ. ಅವಳು ಉತ್ತರ ಕೊಡುವುದು ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ತುಳು ಗಂಡಹೆಂಡಿರ ಮಗಳಿಗೆ ತುಳು ಇಲ್ಲ ಎಂದರೆ ಅದರ ಹಿಂದೆ ಒಂದು ಬುದ್ಧಿವಂತಿಕೆ ಇರಲೇಬೇಕು. ಇತ್ತು.

ಭವ್ಯಶ್ರೀಯನ್ನು ಶಾಲೆಗೆ ಸೇರಿಸುವ ವರ್ಷ ಕೆಳಗಿನ ಮಹಡಿಯಲ್ಲಿ ಮೈಸೂರಿನ ಎಂಜಿನಿಯರ್ ಶ್ಯಾಮಸುಂದರ ಇದ್ದರು. ಒಳ್ಳೆಯ ಮನುಷ್ಯ, ಕೇಳದೆ ಸಲಹೆ ಕೊಡುವುದೊಂದೇ ದೋಷ. "ನೋಡಿ ಭೋಜರಾಜ್, ಮಗೂಗೆ ಮನೇಲಿ ಒಂದೇ ಭಾಷೆ ಇರ್ಲಿ. ಕನ್ನಡ ಆದ್ರೆ ಓದೋದಕ್ಕೆ ಪುಸ್ತಕ ಇದೆ, ನಾಳೆ ಊರಿಗೆ ಹೋದ್ರೂ ನಡಿಯತ್ತೆ. ತುಳು ಹೇಗಿದ್ರೂ ದೊಡ್ಡೋಳಾದ್ಮೇಲೆ ತಾನಾಗೇ ಬರತ್ತೆ" ಎಂದರು. ಗಂಡಹೆಂಡಿರು ಆ ಸಂಜೆಯೇ ಕೂತು ಮಾತಾಡಿ, ತುಳುವಿನಲ್ಲೇ ಮಾತಾಡಿ, ಮಗುವಿನ ಜೊತೆ ಇನ್ನು ಕನ್ನಡ ಎಂದು ತೀರ್ಮಾನಿಸಿದರು. ಲೋಲಾಕ್ಷಿಯ ಕನ್ನಡ ಶಾಲೆಯಲ್ಲಿ ಕಲಿತದ್ದು. ಮಗಳಿಗೆ ತಲೆ ಬಾಚುವಾಗ ಅವಳು ಆಡುತ್ತಿದ್ದ ಕನ್ನಡ ಕೇಳಿದರೆ ರೇಡಿಯೋದಲ್ಲಿ ವಾರ್ತೆ ಓದಿದ ಹಾಗಿರುತ್ತಿತ್ತು. ಮಗಳು ಅದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡಲು ಕಲಿತಳು. ಶ್ಯಾಮಸುಂದರರ ಮಕ್ಕಳೂ ಅಪ್ಪನಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದವು. ಅವರು ಮೂರು ವರ್ಷದಲ್ಲಿ ಬೆಂಗಳೂರಿಗೆ ವರ್ಗ ಮಾಡಿಸಿಕೊಂಡು ಹೊರಟುಹೋದರು. ಸಲಹೆ ಮಾತ್ರ ಇಲ್ಲೇ ಉಳಿಯಿತು.

ಹಾಗೆ ಆ ಮನೆಯಲ್ಲಿ ತುಳು ಬೀಗ ಹಾಕುವ ಭಾಷೆಯಾಯಿತು. ಜಗಳ ತುಳುವಿನಲ್ಲಿ, ವೀಸಾ ಕೊಟ್ಟ ಕಫೀಲನ ಮೂಡು ಕೆಟ್ಟಿದ್ದು ತುಳುವಿನಲ್ಲಿ, ಹುಟ್ಟುಹಬ್ಬಕ್ಕೆ ಸೈಕಲ್ಲು ತರುವುದೋ ಗಡಿಯಾರವೋ ಎಂಬುದೂ ತುಳುವಿನಲ್ಲಿ. "ಬಾಲೆಗ್ ಗೊತ್ತಾಯೆರೆ ಬಲ್ಲಿ" ಎಂದು ಲೋಲಾಕ್ಷಿ ಶುರುಮಾಡುವಳು. ಮಗುವಿಗೆ ಗೊತ್ತಾಗಬಾರದು. ಮಗು ಅಲ್ಲೇ ಎದುರಿಗೆ ತಲೆ ತಗ್ಗಿಸಿ ಊಟ ಮಾಡುತ್ತಿರುವುದು. ಬೇರೆ ಮನೆಗಳಲ್ಲಿ ಇಂಥ ಮಾತಿಗೆ ಮಕ್ಕಳನ್ನು ಎಬ್ಬಿಸಿ ಒಳಗೆ ಅಟ್ಟಬೇಕು, ತಮಗೆ ಆ ತೊಂದರೆ ಇಲ್ಲ ಎಂದು ಇಬ್ಬರಿಗೂ ಒಳಗೊಳಗೇ ಹೆಮ್ಮೆ.

ಕೊನೆಯ ಎಂಟು ತಿಂಗಳು ಆ ಬೀಗಕ್ಕೆ ಬಹಳ ಕೆಲಸ ಬಿತ್ತು. ಲೋಲಾಕ್ಷಿಯ ಹೊಟ್ಟೆಯೊಳಗೆ ಬೆಳೆದದ್ದು ಏನು ಎಂದೂ ಅದಕ್ಕೆ ಮದ್ದಿಲ್ಲ ಎಂದೂ ಡಾಕ್ಟರು ಹೇಳಿದಾಗ ಭವ್ಯಶ್ರೀಯ ಕೊನೆಯ ವರ್ಷದ ಪರೀಕ್ಷೆ ಹತ್ತಿರವಿತ್ತು. ಪರೀಕ್ಷೆ ಮುಗಿಯಲಿ ಎಂದಳು ಲೋಲಾಕ್ಷಿ. ಮಗಳಿಗೆ ಗ್ಯಾಸ್ಟ್ರಿಕ್ ಎಂದರು. ಕಣ್ಣು ಹಳದಿಯಾದ ಮೇಲೆ ಕಾಮಾಲೆ ಎಂದರು. ಯಾವತ್ತು ಸ್ಕ್ಯಾನು, ನೋವು ಎಷ್ಟು, ಡಾಕ್ಟರು ಇನ್ನೆಷ್ಟು ತಿಂಗಳು ಎಂದರು ಎಂಬುದೆಲ್ಲ ಊಟದ ಮೇಜಿನಲ್ಲಿ, ಮಗಳ ಎದುರಿಗೇ, ಮೊಸರು ಬಡಿಸುತ್ತ ಸಾರು ಬಡಿಸುತ್ತ ತುಳುವಿನಲ್ಲಿ ನಡೆಯುತ್ತಿತ್ತು. ಇಂಗ್ಲಿಷಿನ ಒಂದು ಶಬ್ದ ಕೂಡ ಸೋರಬಾರದು ಎಂದು ಲೋಲಾಕ್ಷಿ ಆಸ್ಪತ್ರೆಗೆ "ಆ ಇಲ್ಲ್" ಎನ್ನುತ್ತಿದ್ದಳು, ಆ ಮನೆ ಎಂದು. ಸ್ಕ್ಯಾನಿಗೆ ಪಟ ಎಂದು ಹೆಸರಿಟ್ಟಿದ್ದಳು. ನಾಳೆ ಆ ಮನೆಗೆ ಹೋಗಿ ಪಟ ತೆಗೆಸಬೇಕು ಎಂದು ಆಕೆ ತುಳುವಿನಲ್ಲಿ ಹೇಳುವಾಗ ಯಾರದೋ ಮದುವೆಗೆ ಹೊರಟ ಹಾಗೆ ಕೇಳಿಸುತ್ತಿತ್ತು.

ಒಂದು ಸಂಜೆ ಅದೇ ಮೇಜಿನಲ್ಲಿ ಲೋಲಾಕ್ಷಿ ನಗುತ್ತಲೇ ಒಂದು ಮಾತು ಕೇಳಿದಳು. ಆಟಿ ಅಮಾವಾಸ್ಯೆಗೆ ಸತ್ತವರನ್ನು ಊಟಕ್ಕೆ ಕರೆಯುವಾಗ ನನ್ನನ್ನು ಕರೆಯುವವರು ಯಾರು? ಇವಳ ಬಾಯಲ್ಲಿ ತುಳುವಿನ ಒಂದು ಶಬ್ದ ಇಲ್ಲವಲ್ಲ ಎಂದಳು. ನಾನು ಕಲಿಸುತ್ತೇನೆ, ಅವಳ ಬಾಯಿಂದಲೇ ಕರೆಸುತ್ತೇನೆ ಎಂದರು ಭೋಜರಾಜರು. ಮಾತು ಕೊಟ್ಟ ಹಾಗೆಯೇ ಎಂದು ಆಕೆ ಕೇಳಿದ್ದಕ್ಕೆ ಹೌದು ಎಂದರು. ಮೀನಿನ ಮುಳ್ಳು ಬಿಡಿಸುತ್ತಿದ್ದ ಭವ್ಯಶ್ರೀ ತಲೆ ಎತ್ತದೆ, ವಾಟರ್ ಪ್ಲೀಸ್ ಎಂದಳು. ಭೋಜರಾಜರು ನೀರಿನ ಜಗ್ಗನ್ನು ಅವಳ ಕಡೆ ಸರಿಸಿದರು.

ಪರೀಕ್ಷೆ ಮುಗಿಯಿತು. ಕೆಲಸ ಸಿಗಲಿ, ಆಮೇಲೆ ಹೇಳುವ ಎಂದಾಯಿತು. ಕೆಲಸವೂ ಸಿಕ್ಕಿತು, ಅವಳು ಸಹಮ್‌ಗೆ ಹೋಗಿ ಸೇರಿದ ಆರನೆಯ ದಿನ ಲೋಲಾಕ್ಷಿ ಹೋದಳು. ಆಸ್ಪತ್ರೆಯ ಕಾರಿಡಾರಿನಲ್ಲಿ ಓಡಿಬಂದ ಮಗಳಿಗೆ ಭೋಜರಾಜರು ಹೇಳಿದ್ದು ಇಷ್ಟೇ, "ಒಮ್ಮೆಲೇ ಆಯ್ತು ಮಗಾ." ಅವಳು ಅವರ ಮುಖವನ್ನೇ ನೋಡಿ "ಓಕೆ ಪಪ್ಪ" ಎಂದಳು. ಬೇರೇನೂ ಕೇಳಲಿಲ್ಲ. ಆವತ್ತೂ ಇಲ್ಲ, ಆಮೇಲೂ ಇಲ್ಲ. ಆ ಓಕೆ ಒಂದು ವರ್ಷದಿಂದ ಭೋಜರಾಜರ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿದೆ. ತಾಯಿ ಸಾಯುತ್ತಿದ್ದಾಳೆ ಎಂಬುದನ್ನು ಮಗಳಿಂದ ಮುಚ್ಚಿಟ್ಟವರು ತಾವು. ಅದನ್ನು ಯಾವ ಭಾಷೆಯಲ್ಲಿ ಹೇಳುವುದು ಎಂದು ಅವರಿಗೆ ತಿಳಿಯಲಿಲ್ಲ.

ಈಗ ವರ್ಷ ತುಂಬಿದ ಮೇಲಿನ ಮೊದಲ ಆಟಿ ಅಮಾವಾಸ್ಯೆ ಬಂತು. ಆ ದಿನ ಸತ್ತವರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಊಟಕ್ಕೆ ಬನ್ನಿ ಎಂದು ಕರೆದು, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಸತ್ತವರು ಸಂಕೋಚವಿಲ್ಲದೆ ಉಣ್ಣಲಿ ಎಂದು. ನಾವು ಇಲ್ಲೇ ಬಡಿಸುತ್ತೇವೆ ಎಂದು ಅಕ್ಕ ಊರಿನಿಂದ ಫೋನು ಮಾಡಿದ್ದಳು. ಬಡಿಸಿ, ಆದರೆ ಇಪ್ಪತ್ತೈದು ವರ್ಷ ಅವಳು ಸಂಸಾರ ಮಾಡಿದ್ದು ಇಲ್ಲಿ, ಇಲ್ಲಿಯೂ ಒಂದು ಎಲೆ ಬೀಳಬೇಕು ಎಂದರು ಭೋಜರಾಜರು.

ಕರೆಯುವ ವಿಷಯದಲ್ಲಿ ಅವರ ಮನೆತನಕ್ಕೆ ಒಂದು ಕ್ರಮ ಇದೆ. ತಾಯಿಯನ್ನು ಮಕ್ಕಳೇ ಕರೆಯಬೇಕು, ಗಂಡ ಕರೆಯಬಾರದು. ಗಂಡ ಕರೆದರೆ ಆಕೆ ಬದುಕಿದ್ದಾಗ ಅವನು ಹೇಗೆಲ್ಲ ಕರೆಯುತ್ತಿದ್ದ ಎಂದು ನೆನಪಾಗಿ ಬರುವುದೇ ಇಲ್ಲ ಎಂದು ಭೋಜರಾಜರ ಅಜ್ಜಿ ಹೇಳುತ್ತಿದ್ದಳು. ಸರಿ, ಮಗಳು ಕನ್ನಡದಲ್ಲಿ ಕರೆದರೆ ಆಗದೇ? ಭೋಜರಾಜರು ಅಷ್ಟೊಂದು ನಂಬುವ ಮನುಷ್ಯರೇನಲ್ಲ. ಆದರೂ ಯೋಚಿಸಿ ನೋಡಿದರು. ಕನ್ನಡದಲ್ಲಿ ಕರೆದರೆ ಲೋಲಾಕ್ಷಿ ಯಾರೋ ನೆಂಟರು ಬಂದಿದ್ದಾರೆ ಎಂದುಕೊಂಡು ಒಳ್ಳೆಯ ಸೀರೆ ಹುಡುಕಲು ಹೋಗುತ್ತಾಳೆಯೇ ಹೊರತು ಊಟಕ್ಕೆ ಬಂದು ಕೂರುವುದಿಲ್ಲ. ಅದೂ ಅಲ್ಲದೆ ಮಾತು ಕೊಟ್ಟಾಗಿದೆ.

ಎರಡು ವಾರ ಮೊದಲು ಮಗಳಿಗೆ ಫೋನು ಮಾಡಿದರು. "ತುಳುವಿನಲ್ಲಿ ಒಂದು ಮಾತು ಉಂಟು ಮಗಾ. ಅಮ್ಮನಿಗೆ ನೀನೇ ಹೇಳ್ಬೇಕು." ಅವಳು ಓಕೆ ಎಂದಳು. ಮರುದಿನ ಭೋಜರಾಜರು ಅಂಗಡಿಯ ಸ್ಟೋರಿನೊಳಗೆ, ಬ್ರೇಕ್ ಪ್ಯಾಡಿನ ಡಬ್ಬಗಳ ನಡುವೆ ನಿಂತು ಆ ಮಾತನ್ನು ಫೋನಿನಲ್ಲಿ ರೆಕಾರ್ಡು ಮಾಡಿದರು. ಅಮ್ಮ ಬಲೆ, ಇಲ್ಲಡೆ ಬಲೆ, ಒಣಸ್ ಮಲ್ಪುಲೆ. ಅಮ್ಮ ಬನ್ನಿ, ಮನೆಗೆ ಬನ್ನಿ, ಊಟ ಮಾಡಿ. ಎಷ್ಟು ಸಣ್ಣ ಮಾತು. ಆದರೆ ಬಳಸದೆ ಬಳಸದೆ ಸ್ವರ ಒಣಗಿತ್ತು, ಕೇಳಿದರೆ ಬೇರೆ ಯಾರೋ ಹೇಳಿದಂತಿತ್ತು. ಅಳಿಸಿ ಮತ್ತೆ ಹೇಳಿದರು. ಆರನೆಯದನ್ನು ಕಳಿಸಿದರು. ಮಗಳಿಂದ ಫೋನಿಗೆ ಹೆಬ್ಬೆರಳಿನ ಚಿತ್ರ ಬಂತು. ಕಲಿತೆಯಾ ಎಂದು ಎರಡು ದಿನ ಬಿಟ್ಟು ಕೇಳಿದರೆ, ಐ ವಿಲ್ ಮ್ಯಾನೇಜ್ ಪಪ್ಪ ಎಂದು ಬರೆದಳು. ಒಮ್ಮೆ ಹೇಳಿ ತೋರಿಸು ಎಂದರೆ ಡ್ಯೂಟಿ ಎಂದಳು.

ಅವರಿಗೆ ಬೇಜಾರಾಯಿತು. ಮಗಳ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದರು, ಅದು ಅವರಿಂದಾಗಲಿಲ್ಲ. ಅವಳಿಗೆ ತುಳು ಎಂದರೆ ಏನು? ಅಪ್ಪ ಅಮ್ಮ ತನ್ನನ್ನು ಹೊರಗಿಟ್ಟು ಮಾಡುತ್ತಿದ್ದ ಸದ್ದು, ಅಷ್ಟೇ. ಬಾಗಿಲು ಹಾಕಿದವರೇ ಈಗ ಬಂದು, ಒಳಗೆ ಬಾ, ಒಂದು ಮಾತು ಹೇಳಿ ಹೋಗು ಎಂದರೆ ಯಾರಿಗೆ ಮನಸ್ಸು ಬರುತ್ತದೆ? ತಪ್ಪು ತಮ್ಮದೇ ಎಂದು ಭೋಜರಾಜರಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದ ಏನೂ ಹಗುರವಾಗಲಿಲ್ಲ.

ಅಮಾವಾಸ್ಯೆ ಗುರುವಾರವೇ ಬಿತ್ತು. ಮಧ್ಯಾಹ್ನಕ್ಕೆ ಅಂಗಡಿಯಿಂದ ಹೊರಟು ಬಂದು ಕುಚ್ಚಲಕ್ಕಿ ಬೇಯಲು ಇಟ್ಟರು. ಕೋಳಿ ಮಾಡಿದರು. ಲೋಲಾಕ್ಷಿಗೆ ಪ್ರಾಣವಾದ ಬೂತಾಯಿಯನ್ನು, ಅದೇ ಇಲ್ಲಿನ ಕಡಲಿನಲ್ಲಿ ರಾಶಿ ಸಿಗುವ ಆ ಸಣ್ಣ ಮೀನನ್ನು, ಹುಳಿ ಖಾರ ಹಾಕಿ ಗೊಜ್ಜಾಗುವವರೆಗೆ ಬತ್ತಿಸಿದರು. ಐದೂವರೆಗೆ ಭವ್ಯಶ್ರೀ ಬಂದಳು. ಹಿಂದಿನ ಸೀಟಿನಲ್ಲಿ ಒದ್ದೆ ಬೈರಾಸದಲ್ಲಿ ಸುತ್ತಿದ ಬಾಳೆಲೆ. ಕ್ಲಿನಿಕ್ಕಿನಲ್ಲಿ ಅವಳ ಜೊತೆ ಕೆಲಸ ಮಾಡುವ ಹಿಬಾ ಎಂಬ ಒಮಾನಿ ಹುಡುಗಿಯ ಮನೆಯ ತೋಟದ್ದಂತೆ. ಯಾತಕ್ಕೆ ಎಂದು ಹಿಬಾ ಕೇಳಿದಳಂತೆ, ನನ್ನ ಅಮ್ಮನ ಊಟಕ್ಕೆ ಎಂದು ಇವಳು ಹೇಳಿದಳಂತೆ. ಹಿಬಾ ಮತ್ತೇನೂ ಕೇಳದೆ ಇನ್ನೆರಡು ಎಲೆ ಕೊಯ್ದು ಕೊಟ್ಟಳಂತೆ.

ಮಸೀದಿಯಲ್ಲಿ ಸಂಜೆಯ ಬಾಂಗ್ ಮುಗಿದ ಮೇಲೆ ಮುಂದಿನ ಕೋಣೆಯ ನೆಲದಲ್ಲಿ ಎಲೆ ಹಾಕಿದರು. ದೀಪ ಹಚ್ಚಿದರು. ಅನ್ನ, ಕೋಳಿ, ಬೂತಾಯಿ, ಒಂದು ಲೋಟ ನೀರು. ಎಲೆಯ ಪಕ್ಕದಲ್ಲಿ ಭೋಜರಾಜರು ಒಂದು ಚೀಟಿ ಇಟ್ಟರು. ಆ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ದಪ್ಪವಾಗಿ ಬರೆದ ಚೀಟಿ. ಭವ್ಯಶ್ರೀ ಎಲೆಯ ಮುಂದೆ ಕೂತು ಚೀಟಿಯನ್ನು ಎತ್ತಿ ನೋಡಿ, ಎರಡಾಗಿ ಮಡಚಿ, ನೀರಿನ ಲೋಟದ ಅಡಿಗೆ ಇಟ್ಟಳು. ಹಿಂದೆ ನಿಂತಿದ್ದ ಭೋಜರಾಜರಿಗೆ ಆಗ ನಿಜವಾಗಿಯೇ ಸಿಟ್ಟು ಬಂತು. ಒಂದು ಮಾತು ಓದಿ ಹೇಳಲೂ ಆಗದೇ ಇವಳಿಗೆ?

"ಅಮ್ಮ, ಬಲೆ" ಎಂದಳು ಭವ್ಯಶ್ರೀ.

ಭೋಜರಾಜರು ಕಲಿಸಿದ ರಾಗ ಅದಲ್ಲ. ಅದು ಕಾಪುವಿನ ರಾಗ, ಕೊನೆಯಲ್ಲಿ ಸ್ವಲ್ಪ ಎಳೆಯುವ ಲೋಲಾಕ್ಷಿಯ ರಾಗ. ಇಲ್ಲಡೆ ಬಲೆ ಎಂದಳು, ಒಣಸ್ ಮಲ್ಪುಲೆ ಎಂದಳು. ಕರೆದಾಯಿತು, ಇನ್ನು ಏಳಬೇಕು. ಅವಳು ಏಳಲಿಲ್ಲ.

"ಎಂಕ್ ಗೊತ್ತಿತ್ತ್‌ಂಡ್ ಅಮ್ಮ" ಎಂದಳು. "ಮಾತ ಗೊತ್ತಿತ್ತ್‌ಂಡ್."

ನನಗೆ ಗೊತ್ತಿತ್ತು ಅಮ್ಮ, ಎಲ್ಲ ಗೊತ್ತಿತ್ತು. ಅಲ್ಲಿಂದ ಮುಂದೆ ಅವಳು ತುಳುವಿನಲ್ಲಿ ತಾಯಿಯ ಜೊತೆ ಮಾತಾಡಿದಳು, ಅಲ್ಲಲ್ಲಿ ತಡವರಿಸುತ್ತ, ಆದರೆ ನಿಲ್ಲಿಸದೆ. ನೀವು ಗ್ಯಾಸ್ಟ್ರಿಕ್ ಎಂದಿರಿ, ನಾನು ಗ್ಯಾಸ್ಟ್ರಿಕ್ ಎಂದೇ ಇಟ್ಟುಕೊಂಡೆ. ಆ ಮನೆ ಎಂದರೆ ಯಾವ ಮನೆ ಎಂದು ನನಗೆ ಗೊತ್ತಿತ್ತು. ನೀವು ಪಟ ತೆಗೆಸಲು ಒಳಗೆ ಹೋದ ದಿನ ನಾನು ಕಾಲೇಜಿಗೆ ಹೋಗಿರಲಿಲ್ಲ, ಟ್ಯಾಕ್ಸಿ ಮಾಡಿಕೊಂಡು ಬಂದು ಹೊರಗೆ ಪಾರ್ಕಿಂಗಿನಲ್ಲಿ ನಿಂತಿದ್ದೆ. ನನಗೆ ಹಸಿವು ಎಂದು ಸುಳ್ಳು ಹೇಳಿ ಗಂಜಿ ಮಾಡುತ್ತಿದ್ದದ್ದು ನಿಮಗಾಗಿ. ಮಗುವಿಗೆ ಗೊತ್ತಾಗಬಾರದು ಎಂದು ನೀವು ಹೇಳಿದಿರಲ್ಲ, ಅದಕ್ಕೇ ನನಗೆ ಗೊತ್ತಾಗಲಿಲ್ಲ. ಕರೆಯುವವರು ಯಾರು ಎಂದು ಕೇಳಿದ್ದಿರಿ. ನಾನು ಕರೆಯುತ್ತಿದ್ದೇನೆ. ಬನ್ನಿ, ಊಟ ಮಾಡಿ.

ಎಂಟು ತಿಂಗಳ ಒಂದೊಂದು ಊಟವೂ ಭೋಜರಾಜರ ಕಣ್ಣ ಮುಂದೆ ಬಂತು. ನೋವಿನ ಮಾತು, ಇನ್ನೆಷ್ಟು ದಿನ ಎಂಬ ಮಾತು, ಊರಿಗೆ ಹೆಣ ಸಾಗಿಸಲು ಯಾವ ಯಾವ ಕಾಗದ ಬೇಕು ಎಂದು ಲೋಲಾಕ್ಷಿ ತಾನೇ ವಿಚಾರಿಸಿದ ಮಾತು. ನಡುವೆ ತಲೆ ತಗ್ಗಿಸಿ ಊಟ ಮಾಡುತ್ತ ಕೂತ ಹುಡುಗಿ. ಇವರಿಬ್ಬರಿಗೆ ಅಳಲು ಒಬ್ಬರಿಗೊಬ್ಬರು ಇದ್ದರು. ಅವಳಿಗೆ ಯಾರಿದ್ದರು?

ಕ್ರಮದಂತೆ ಇಬ್ಬರೂ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಮೂರನೆಯ ಮಹಡಿಯ ಕಾರಿಡಾರಿನಲ್ಲಿ ಆ ಹೊತ್ತಿಗೂ ಸೆಕೆ. ಯಾರದೋ ಮನೆಯಲ್ಲಿ ಈರುಳ್ಳಿ ಹುರಿಯುವ ವಾಸನೆ ಬರುತ್ತಿತ್ತು. ಭೋಜರಾಜರು ಕನ್ನಡದಲ್ಲಿ ಕೇಳಿದರು.

"ಯಾಕೆ ಹೇಳ್ಲಿಲ್ಲ ಮಗಾ?"

"ಹೇಳಿದ್ರೆ ನೀವಿಬ್ರು ರೂಮಿಗೆ ಹೋಗಿ ಬಾಗಿಲು ಹಾಕ್ತಿದ್ರಿ ಪಪ್ಪ" ಎಂದಳು ಭವ್ಯಶ್ರೀ. "ಮತ್ತೆ ನಾನು ಒಬ್ಳೇ ಟೇಬಲಲ್ಲಿ."

ಯಾವಾಗಿನಿಂದ ಅರ್ಥವಾಗುತ್ತಿತ್ತು ಎಂದು ಕೇಳಿದರು. ಯಾವಾಗಲೂ ಎಂದಳು. ಆಡಲು ಯಾವಾಗ ಕಲಿತೆ ಎಂದರು. ಈ ಒಂದು ವರ್ಷದಲ್ಲಿ, ಕಾರಿನಲ್ಲಿ ಎಂದಳು. ಸಹಮ್‌ನಿಂದ ಇಲ್ಲಿಗೆ ಎರಡು ಗಂಟೆ, ಇಲ್ಲಿಂದ ಸಹಮ್‌ಗೆ ಎರಡು ಗಂಟೆ, ಗಾಜು ಏರಿಸಿಕೊಂಡು ಅಮ್ಮನ ಹತ್ತಿರ ಮಾತಾಡುತ್ತ ಬರುತ್ತಾಳಂತೆ. ದಾರಿಯ ಬರ್ಕಾ ದಾಟುವಷ್ಟರಲ್ಲಿ ಅಮ್ಮನಿಗೆ ವಾರದ ಸುದ್ದಿ ಹೇಳಿ ಮುಗಿಯುತ್ತದಂತೆ. ಅಮ್ಮ ಏನೂ ಹೇಳುವುದಿಲ್ಲ, ಅದೊಂದೇ ಕಷ್ಟ ಎಂದು ನಗಲು ನೋಡಿದಳು.

"ತಪ್ಪಾಯ್ತು ಮಗಾ" ಎಂದರು ಭೋಜರಾಜರು. ಒಂದು ವರ್ಷ ಹುಡುಕಿದ ಮಾತು ಕೊನೆಗೆ ಇಷ್ಟೇ ಇತ್ತು.

"ಓಕೆ ಪಪ್ಪ" ಎಂದಳು ಅವಳು. ಆಸ್ಪತ್ರೆಯ ಕಾರಿಡಾರಿನಲ್ಲಿ ಹೇಳಿದ ಹಾಗೆಯೇ ಹೇಳಿದಳು, ಅದೇ ಸ್ವರದಲ್ಲಿ. ಆವತ್ತು ಆ ಮಾತಿನಲ್ಲಿ ಎಷ್ಟು ಇತ್ತು ಎಂದು ಭೋಜರಾಜರಿಗೆ ಈಗ ತಿಳಿಯಿತು.

ಒಳಗೆ ಹೋಗಿ ಲೋಲಾಕ್ಷಿಗೆ ಬಡಿಸಿದ್ದನ್ನೇ ಹಂಚಿಕೊಂಡು ಹಿಬಾ ಕೊಟ್ಟ ಇನ್ನೆರಡು ಎಲೆಯಲ್ಲಿ ಊಟಕ್ಕೆ ಕೂತರು. ಭವ್ಯಶ್ರೀ ಬಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಸೌಟು ಹಿಡಿದು, ಅಪ್ಪನ ಮುಖ ನೋಡಿ, ಸ್ವಲ್ಪ ನಾಚಿಕೊಂಡೇ ಕೇಳಿದಳು, "ಪಪ್ಪ, ನನ ಒಂತೆ ಬೋಡಾ?"

ಇನ್ನು ಸ್ವಲ್ಪ ಬೇಕಾ ಎಂದು. ಈ ಮನೆಯಲ್ಲಿ ಅವರಿಗೆ ಯಾರೂ ತುಳುವಿನಲ್ಲಿ ಏನನ್ನೂ ಕೇಳದೆ ಒಂದು ವರ್ಷವಾಗಿತ್ತು. ತುಳುವಿನಲ್ಲೇ ಉತ್ತರ ಕೊಡಹೊರಟರು. ಆದರೆ ಆ ಮುಖ ನೋಡಿ ಅವರು ಇಪ್ಪತ್ತು ವರ್ಷ ಆಡಿದ್ದು ಕನ್ನಡ. ಆ ಮುಖ ಎದುರಿಗಿದ್ದರೆ ತುಳು ಎಂದರೆ ಅಡಗಿಸುವುದು ಎಂದೇ ನಾಲಿಗೆಗೆ ಅಭ್ಯಾಸ. ನಾಲ್ಕು ಕಡೆಯವರ ಹತ್ತಿರ ಅವರವರ ಭಾಷೆಯಲ್ಲಿ ತಿರುಗುವ ನಾಲಿಗೆ ಇಲ್ಲಿ ತಿರುಗಲಿಲ್ಲ.

"ಸಾಕು ಮಗಾ" ಎಂದರು, ಕನ್ನಡದಲ್ಲಿ.

ಶುಕ್ರವಾರ ಪೂರ್ತಿ ಹಾಗೆಯೇ ಆಯಿತು. ಅವಳು ಚಹಾಕ್ಕೆ ಸಕ್ಕರೆ ಎಷ್ಟು ಎಂದು ತುಳುವಿನಲ್ಲಿ ಕೇಳಿದಳು, ಇವರು ಕನ್ನಡದಲ್ಲಿ ಹೇಳಿದರು. ಬಟ್ಟೆ ಒಗೆಯಲು ಹಾಕಲೇ ಎಂದು ತುಳುವಿನಲ್ಲಿ ಕೇಳಿದಳು, ಇವರು ಹಾಕು ಎಂದರು. ಪ್ರತಿಸಲವೂ ಅವಳು ಒಂದು ಕ್ಷಣ ಕಾಯುತ್ತಿದ್ದಳು. ಆಮೇಲೆ ತನ್ನ ಕೆಲಸಕ್ಕೆ ಹೋಗುತ್ತಿದ್ದಳು.

ಶನಿವಾರ ಊಟವಾದ ಮೇಲೆ ಅವಳನ್ನು ಕಳಿಸಿಕೊಡಲು ಕೆಳಗಿಳಿದರು. ಬ್ಯಾಗು ಹಿಂದಿನ ಸೀಟಿಗೆ ಹಾಕಿ, ಎಂಜಿನ್ ಶುರುಮಾಡಿ, ಗಾಜು ಇಳಿಸಿ ಅವಳು ಪೋದು ಬರ್ಪೆ ಎಂದಳು, ಹೋಗಿ ಬರುತ್ತೇನೆ ಎಂದು. ಭೋಜರಾಜರು ತಲೆ ಆಡಿಸಿದರು. ಕಾರು ವರ್ಕ್‌ಶಾಪುಗಳ ಸಾಲು ದಾಟಿ ತಿರುವಿನಲ್ಲಿ ಮರೆಯಾಯಿತು. ಅವರು ಬಿಸಿಲಿನಲ್ಲೇ ನಿಂತಿದ್ದರು.

"ಬೋಡು ಮಗಾ" ಎಂದರು ಆಗ, ಗಟ್ಟಿಯಾಗಿ, ತುಳುವಿನಲ್ಲಿ. "ನನ ಒಂತೆ ಬೋಡು."

ರಸ್ತೆಯಲ್ಲಿ ಯಾರೂ ಇರಲಿಲ್ಲ. ಅಷ್ಟು ಹೊತ್ತಿಗೆ ಅವಳು ಹೆದ್ದಾರಿ ಸೇರಿ, ಗಾಜು ಏರಿಸಿಕೊಂಡು, ಅಮ್ಮನ ಹತ್ತಿರ ಮಾತಾಡಲು ಶುರುಮಾಡಿರಬೇಕು.